ಪಾಳೆಯಗುಡ್ಡದ ಮೇಲೆ ಉಣ್ಣದವನು

"ಒಂದಾದ್ರೂ ತಗೊಳ್ಳಪ್ಪ. ಬೆಳಗ್ಗೆ ಎದ್ದು ನಾನೇ ಬೇಯಿಸಿದ್ದು," ಎಂದು ಬೆರಿಲ್ ಟಾಂಕಿನ್ ಸ್ಕೋನ್ ಬನ್ನುಗಳ ತಟ್ಟೆಯನ್ನು ಮಾತಿಯುವಿನ ಮೂಗಿನ ಹತ್ತಿರಕ್ಕೇ ಹಿಡಿದರು.

"ಬೇಡ ಮೇಡಂ."

"ಜಾಮ್ ಇದೆ. ಕೆನೆ ಇದೆ."

"ಹಸಿವಿಲ್ಲ ಮೇಡಂ, ಬಿಡಿ."

ಹಸಿವಿಲ್ಲ ಎಂದವನು ಆರಡಿಗಿಂತ ಎತ್ತರದ ಆಳು. ಬೆಳಗಿನಿಂದ ಪಾಳೆಯಗುಡ್ಡದ ಇಳಿಜಾರಿನಲ್ಲಿ ಸ್ಮಾರಕದ ಕಲ್ಲುಗಳನ್ನು ಎತ್ತಿ ಇಳಿಸಿ ಬೆವರಿದ್ದ. ಹೊಸ ಕಾಂಕ್ರೀಟ್ ಚಪ್ಪಡಿಯ ಮೇಲೆ ಮೇಜು ಹಾಕಿ, ಮೇಜಿಗೆ ಬಿಳಿ ಬಟ್ಟೆ ಹಾಸಿ, ಟ್ರೆಲಾನಿ ಊರಿನ ಇತಿಹಾಸ ಸಂಘದವರು ಚಹಾ ಕುಡಿಯುತ್ತಿದ್ದರು. ಮಾತಿಯು ಕೆರೆಮೆಟಾ ಮಾತ್ರ ಚಪ್ಪಡಿಗೆ ಕಾಲಿಡದೆ ಅಂಚಿನಾಚೆ ಹುಲ್ಲಿನಲ್ಲಿ ನಿಂತಿದ್ದ.

ತಟ್ಟೆ ಅತ್ತ ಹೋದದ್ದೇ ತಡ, ಅವನು ಬೇಲಿಯ ಕಡೆಗೆ ನಡೆದ. ಅಲ್ಲಿ ದನಗಳಿಗೆ ನೀರಿಡುವ ತೊಟ್ಟಿ. ಬಗ್ಗಿ ಎರಡೂ ಕೈ ತೊಳೆದ. ನಾಲ್ಕು ಹನಿ ತಲೆಗೆ ಚಿಮುಕಿಸಿಕೊಂಡ. ಆಮೇಲೆ ಬೇಲಿ ದಾಟಿ, ತನ್ನ ಲಾರಿಯ ಬಾಗಿಲು ತೆಗೆದು, ಕಾಗದದ ಪೊಟ್ಟಣದಿಂದ ಕುರಿಮಾಂಸದ ಪೈ ತೆಗೆದು ಮೂರು ದಿನದ ಉಪವಾಸದವನ ಹಾಗೆ ತಿನ್ನತೊಡಗಿದ.

ಡಿಟೆಕ್ಟಿವ್ ಸಾರ್ಜೆಂಟ್ ರಿಪೆಕಾ ಮಾನಿಹೆರಾಳ ಕೈಯಲ್ಲಿದ್ದ ಸ್ಕೋನ್ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು.

ಸತ್ತವರ ಜಾಗದಲ್ಲಿ ಅವಳ ಜನ, ಈ ನೆಲದ ಮೂಲನಿವಾಸಿಗಳು, ಉಣ್ಣುವುದಿಲ್ಲ. ಅಲ್ಲಿಂದ ಹೊರಡುವಾಗ ಕೈಗೆ, ತಲೆಗೆ ನೀರು ಸೋಕಿಸದೆ ಹೊರಡುವುದಿಲ್ಲ. ಮೂರು ವರ್ಷದವಳಿದ್ದಾಗ ಸಮಾಧಿಯ ಬಳಿ ಬಿಸ್ಕತ್ತು ತಿಂದು ಅಜ್ಜಿಯಿಂದ ಬೆನ್ನಿಗೆ ಬಿದ್ದ ಗುದ್ದು ಅವಳಿಗೆ ಇನ್ನೂ ನೆನಪಿದೆ. ಆಕ್ಲೆಂಡಿನ ಡಾಂಬರು ಬೀದಿಯಲ್ಲಿ ಬೆಳೆದವಳಿಗೂ ಮರೆಯದ ಪಾಠ ಅದು.

ಅವಳು ಸ್ಕೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಚಪ್ಪಡಿಯಿಂದ ಕೆಳಗಿಳಿದಳು.

ಮಾತಿಯುವಿನ ದೊಡ್ಡಪ್ಪ ಹೊಹೆಪಾ ಕೆರೆಮೆಟಾ ಕಾಣೆಯಾಗಿ ಇದು ಎರಡನೇ ವಾರ. ಅವರ ಟ್ರಕ್ಕು ಸೇತುವೆಯ ಬಳಿ ಸಿಕ್ಕಿತ್ತು, ಟೋಪಿ ಹೊಳೆಯಂಚಿನ ವಿಲ್ಲೋ ಮರದ ಬೇರಿನಲ್ಲಿ ಸಿಕ್ಕಿತ್ತು. 'ಮುದುಕ ಹೊಳೆಗೆ ಬಿದ್ದ, ಶುಕ್ರವಾರದೊಳಗೆ ಮುಗಿಸು' ಎಂದು ಮೇಲಿನ ಸಾಹೇಬರು ಫೋನಿನಲ್ಲಿ ಹೇಳಿಯಾಗಿತ್ತು. ಆದರೆ ಟೋಪಿ ಸಿಕ್ಕಿದ್ದು ಸೇತುವೆಯಿಂದ ಮೇಲಕ್ಕೆ, ನೀರು ಬರುವ ದಿಕ್ಕಿನಲ್ಲಿ. ಟೋಪಿಗೆ ಈಜು ಬಂದರೂ ಹೊಳೆಗೆ ಎದುರಾಗಿ ಈಜುವುದಿಲ್ಲ. ಇದನ್ನು ಹೇಳಿದರೆ ಸಾಹೇಬರು ನಕ್ಕರು. ನಿನ್ನ ಜನ ನಿನ್ನ ಹತ್ತಿರ ಬಾಯಿ ಬಿಡುತ್ತಾರೆ ಎಂದು ತಾನೇ ನಿನ್ನನ್ನು ಕಳಿಸಿದ್ದು, ಬಿಡಿಸಿದೆಯಾ ಎಂದು ಕೇಳಿದರು.

ಇಂದು ಗುರುವಾರ. ಶನಿವಾರ, ಹಿಂದೆ ಈ ಗುಡ್ಡದಲ್ಲಿ ಪಾಳೆಯ ಹೂಡಿದ್ದ ಪಡೆಯ ಸ್ಮಾರಕದ ಅನಾವರಣ. ಅದಾದ ಮೇಲೆ ಈ ಗುಡ್ಡವನ್ನು ಯಾರೂ ಅಗೆಯಲು ಬಿಡುವುದಿಲ್ಲ ಎಂಬುದು ರಿಪೆಕಾಳಿಗೆ ಗೊತ್ತಿತ್ತು.

"ಏನು ಸಾರ್ಜೆಂಟಮ್ಮ, ನಮ್ಮೂರ ಸ್ಕೋನ್ ಪೊಲೀಸ್ ಬಾಯಿಗೆ ರುಚಿಸಲ್ವೋ?" ಎಂದು ಲೆಸ್ಲಿ ಪೆಟಿಗ್ರೂ ಹಿಂದಿನಿಂದ ಬಂದ. ಗುಡ್ಡ ಅವನದು. ಗುಡ್ಡದ ಸುತ್ತಲಿನ ಹುಲ್ಲುಗಾವಲು, ಹುಲ್ಲು ಮೇಯುವ ಹಸು, ಹೊಳೆಯವರೆಗಿನ ಬೇಲಿ ಎಲ್ಲ ಅವನದು. ಅವನ ಮುತ್ತಜ್ಜ ಮೆಲ್ಬರ್ನಿನಿಂದ ಕೈಬೀಸಿಕೊಂಡು ಬಂದು ಬಿಳಿಯರ ಗಡಿಪಡೆಗೆ ಸೇರಿ, ಒಂದು ಚಳಿಗಾಲ ಈ ಗುಡ್ಡದ ಮೇಲೆ ಡೇರೆಯಲ್ಲಿ ನಡುಗಿದ್ದಕ್ಕೆ ಐವತ್ತು ಎಕರೆ ಪಡೆದವನು. ಆ ಎಕರೆಗಳು ಅದಕ್ಕೆ ಮೊದಲು ಯಾರವು ಎಂದು ಪೆಟಿಗ್ರೂ ಮನೆಯಲ್ಲಿ ಯಾರೂ ಕೇಳಿದವರಲ್ಲ.

"ಹೊಟ್ಟೆ ತುಂಬಿದೆ. ಈ ಗುಂಡಿಗಳು ಏನು, ಪೆಟಿಗ್ರೂ?"

ಇಳಿಜಾರಿನ ಉದ್ದಕ್ಕೂ ಹುಲ್ಲು ಬೆಳೆದ ತಗ್ಗುಗಳು ಸಾಲಾಗಿದ್ದವು. ಚಪ್ಪಡಿ ಇದ್ದದ್ದು ಆ ಸಾಲಿನ ಕೊನೆಯಲ್ಲಿ.

"ಬಂದೂಕಿನ ಗುಂಡಿ. ನಮ್ಮ ಕಾವಲಿನವರು ಇದರಲ್ಲಿ ಕೂತು ಗುರಿ ಹಿಡೀತಿದ್ರು. ಕ್ರಾಡಕ್ ಮೇಷ್ಟ್ರ ಪುಸ್ತಕದಲ್ಲಿ ಎಲ್ಲ ಇದೆ. ಸಾವಿರದ ಎಂಟುನೂರ ಅರವತ್ನಾಲ್ಕರ ಚಳಿಗಾಲದಲ್ಲಿ ಬಂದ್ರು, ವಸಂತಕ್ಕೆ ಹೋದ್ರು. ಒಂದು ಗುಂಡೂ ಹಾರಲಿಲ್ಲ. ಶಾಂತವಾದ ಪಾಳೆಯ."

"ಗುರಿ ಹಿಡಿಯೋದು ಗುಡ್ಡದ ಕಡೆಗಾ? ಗುಂಡಿಯ ಬಾಯೆಲ್ಲ ಗುಡ್ಡದ ತುದಿಯ ಕಡೆಗೇ ಇದೆಯಲ್ಲ."

ಪೆಟಿಗ್ರೂ ಗುಂಡಿ ನೋಡಿದ, ಗುಡ್ಡ ನೋಡಿದ. ಅರವತ್ತು ವರ್ಷ ನೋಡಿದ್ದನ್ನೇ ಇವತ್ತು ಹೊಸದಾಗಿ ನೋಡುವವನ ಹಾಗೆ ನೋಡಿದ.

"ಅದು ಗೆಣಸು ಇಡೋ ಗುಂಡಿ. ಚಳಿಗಾಲಕ್ಕೆ ಗೆಣಸು ತುಂಬಿಡೋದು. ಗುಡ್ಡದ ಮೇಲಿದ್ದ ಊರಿನವರು ಮೇಲಿಂದ ಇಳಿದು ಬಂದು ತಗೊಂಡು ಹೋಗ್ಲಿ ಅಂತ ಬಾಯಿ ಆ ಕಡೆ," ಎಂದಳು ರಿಪೆಕಾ. "ನಿಮ್ಮ ಮುತ್ತಜ್ಜ ಇಲ್ಲಿ ಏನು ತಿಂದು ಚಳಿಗಾಲ ಕಳೆದ ಅಂದುಕೊಂಡಿದ್ದೀರಿ?"

ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬಂದ ದಿನದಿಂದ ಉರಿಯುತ್ತಿದೆ. ಒಂದು ಊರನ್ನೇ ಎಬ್ಬಿಸಿ ಓಡಿಸಿ, ಅವರ ಗೆಣಸು ತಿಂದು, ಆಮೇಲೆ ಆ ಗುಂಡಿಗೆ ಬಂದೂಕಿನ ಹೆಸರಿಟ್ಟು ಅದರ ಪಕ್ಕದಲ್ಲಿ ಕೂತು ಜಾಮು ಸವರಿಕೊಳ್ಳುವ ಜನರ ಮುಂದೆ ಮರ್ಯಾದೆಯಿಂದ ಮಾತಾಡುವುದೇ ಅವಳ ಸಂಬಳದ ಕೆಲಸವಾಗಿತ್ತು.

"ಹೊಹೆಪಾ ಮುದುಕನೂ ಇದೇ ಹಾಡು ಹಾಡ್ತಿದ್ದ," ಎಂದ ಪೆಟಿಗ್ರೂ, ಮುಖ ಗಂಟಿಕ್ಕಿ. "ಗೆಣಸು ತಗೊಳ್ಳೋಕೆ ವಾಪಸ್ ಬಂದ ಹೆಂಗಸರು ಮಕ್ಕಳನ್ನ ಪಾಳೆಯದವರು ಹೊಡೆದು ಹಾಕಿದ್ರಂತೆ. ಗುಂಡಿಯಲ್ಲೇ ಮುಚ್ಚಿದ್ರಂತೆ. ತುಂಬಿದ ಸಭೆಯಲ್ಲಿ ನಿಂತು ಹೇಳಿದ. ಕ್ರಾಡಕ್ ಮೇಷ್ಟ್ರು ಒಂದೇ ಮಾತು ಕೇಳಿದ್ರು, ಒಂದು ಮೂಳೆ ತೋರಿಸು ಅಂತ. ಬಾಯಿ ಬಂದ್ ಆಯ್ತು."

"ಆ ಮೇಷ್ಟ್ರು ಎಲ್ಲಿ ಈಗ?"

"ಕೇಳಬೇಡಿ," ಎಂದು ಬೆರಿಲ್ ನಡುವೆ ಬಾಯಿ ಹಾಕಿದರು. ಸಂಘದ ಕಾರ್ಯದರ್ಶಿ ಆಕೆ. ಸಂಘದ ಕೆಲಸವೆಲ್ಲ ತಾನೇ ಮಾಡುತ್ತೇನೆ, ಹೆಸರೆಲ್ಲ ಅಧ್ಯಕ್ಷ ನೆವಿಲ್ ಕ್ರಾಡಕ್‌ಗೆ ಹೋಗುತ್ತದೆ ಎಂಬ ಕೊರಗು ಆಕೆಯ ಪ್ರತಿ ಮಾತಿನಲ್ಲೂ ಇತ್ತು. "ಹಿತ್ತಾಳೆ ಫಲಕ ತರ್ತೀನಿ ಅಂತ ವೆಲ್ಲಿಂಗ್ಟನ್‌ಗೆ ಹೋದೋರು. ಹೋದ ವಾರದ ಹಿಂದಿನ ಗುರುವಾರ ರೈಲು ಹತ್ತಿದ್ದು. ಹೋದೆ ಅಂತಿಲ್ಲ, ಬಂದೆ ಅಂತಿಲ್ಲ. ನಾನು ಅವರ ಬೆಕ್ಕಿಗೆ ಹಾಲು ಹಾಕ್ತಾ ಕೂತಿದ್ದೀನಿ. ಶನಿವಾರ ಅನಾವರಣಕ್ಕೆ ಬರೋ ಮಂತ್ರಿಗಳ ಊಟದ ವ್ಯವಸ್ಥೆ ಯಾರು ಮಾಡ್ಬೇಕು?"

"ದೊಡ್ಡ ಊರಲ್ಲಿ ದೊಡ್ಡವರ ಜೊತೆ ಸುತ್ತುತ್ತಿರ್ತಾರೆ ಬಿಡಿ," ಎಂದ ಪೆಟಿಗ್ರೂ.

ರಿಪೆಕಾಳ ಲಕ್ಷ್ಯ ಆ ಮಾತಿನ ಮೇಲಿರಲಿಲ್ಲ. ಅವಳು ಬೇಲಿಯಾಚೆ ನೋಡುತ್ತಿದ್ದಳು. ಪೈ ಮುಗಿಸಿದ ಮಾತಿಯು ಬೆರಳು ನೆಕ್ಕುತ್ತಿದ್ದ.

ಪೈ. ಇವತ್ತು ಬೆಳಗ್ಗೆ ಅವಳೂ ಪೈ ತಿಂದಿದ್ದಳು, ಊರಿನ ಬೇಕರಿಯಲ್ಲಿ. ಗಲ್ಲಾದ ಹಿಂದೆ ಊರ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಒಂದು ಫೋಟೋ ಇತ್ತು. ಸ್ಮಾರಕದ ಗುದ್ದಲಿ ಪೂಜೆ ಅನ್ನೋಣ, ಮೊದಲ ಹೆಂಟೆ ತೆಗೆದ ದಿನದ್ದು. ನಡುವೆ ಟೈ ಕಟ್ಟಿದ ಕ್ರಾಡಕ್ ಮೇಷ್ಟ್ರು ಹೊಳೆಯುವ ಸಲಿಕೆ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ಪೆಟಿಗ್ರೂ. ಹಿಂದೆ, ನಾಲ್ಕು ಗೂಟ ಹೊಡೆದು ದಾರ ಎಳೆದ ಚೌಕದೊಳಗೇ, ಹುಲ್ಲಿನ ಮೇಲೆ ಕಾಲು ಚಾಚಿ ಕೂತ ಮಾತಿಯು. ಅವನ ಬಾಯಿಯಲ್ಲಿ ಅರ್ಧ ಪೈ. ಬೇಕರಿಯವನು ಅದಕ್ಕೇ ಆ ಫೋಟೋ ಅಂಟಿಸಿದ್ದ, ಪುಕ್ಕಟೆ ಜಾಹೀರಾತು.

ಅದೇ ಚೌಕ. ಈಗ ಚಪ್ಪಡಿ ಇರುವ ಜಾಗ. ಅಂದು ಅಲ್ಲಿ ಕೂತು ಪೈ ತಿಂದವನು ಇಂದು ಅದೇ ಜಾಗದಲ್ಲಿ ಒಂದು ತುಣುಕು ಸ್ಕೋನ್ ಮುಟ್ಟಲಿಲ್ಲ. ಅಂದರೆ ಅಂದಿಗೂ ಇಂದಿಗೂ ನಡುವೆ, ಮಾತಿಯುವಿನ ಲೆಕ್ಕದಲ್ಲಿ, ಅದು ಹೆಣದ ಜಾಗವಾಗಿದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ತಲೆಗೆ ನೀರು ಚಿಮುಕಿಸಿಕೊಂಡ.

ಅವಳು ಬೇಲಿಯ ಕಡೆಗೆ ನಡೆದಳು. ಗೇಟಿನ ಬಳಿ, ರಸ್ತೆಯಂಚಿನಲ್ಲಿ, ಮಡಚುವ ಕುರ್ಚಿ ಹಾಕಿಕೊಂಡು ಕಂಬಳಿ ಹೊದ್ದು ಕೂತಿದ್ದರು ರಾಹೆರಾ ಅಜ್ಜಿ, ಹೊಹೆಪಾ ಅವರ ತಂಗಿ. ಅಣ್ಣ ಕಾಣೆಯಾದ ದಿನದಿಂದ ಬೆಳಗಾದರೆ ಬಂದು ಕೂರುವುದು, ಕತ್ತಲಾದರೆ ಹೋಗುವುದು. ಹೊಳೆ ಅತ್ತ, ಮುದುಕಿ ಇತ್ತ ಎಂದು ಊರವರು ನಗುತ್ತಿದ್ದರು. ರಿಪೆಕಾ ನಕ್ಕಿರಲಿಲ್ಲ. ಅಜ್ಜಿಗೆ ಏನೋ ಗೊತ್ತು, ಈ ಗುಡ್ಡವೇ ತನ್ನ ಅಣ್ಣನನ್ನು ನುಂಗಿದೆ ಎಂದು ಕರುಳು ಹೇಳುತ್ತಿದೆ ಎಂದು ಅವಳು ತಿಳಿದಿದ್ದಳು.

ಮೊದಲ ದಿನವೇ ಅವಳು ಕೇಳಿದ್ದಳು, "ಅಜ್ಜಿ, ತಲೆಗೆ ಹಸಿರೆಲೆ ಕಟ್ಟಿಲ್ವಲ್ಲ?" ಸಾವಿನ ಮನೆಯ ಹೆಂಗಸರು ಕಟ್ಟುವುದು ಅದು.

"ಹೆಣ ಎಲ್ಲಿದೆ ಮಗಳೇ, ಎಲೆ ಕಟ್ಟೋಕೆ? ಹೆಣ ಇಲ್ದೆ ಯಾರನ್ನ ನೋಡಿ ಅಳ್ಲಿ?" ಎಂದಿದ್ದರು ಅಜ್ಜಿ. "ಅದು ಸಿಗೋ ತನಕ ಈ ಕುರ್ಚಿ ಬಿಡಲ್ಲ ನಾನು."

ಆ ಮಾತು ರಿಪೆಕಾಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಸಾಹೇಬರಿಗೆ ಬೇಕಾದದ್ದು ಮುಗಿಸಿದ ಕೇಸು. ಅಜ್ಜಿಗೆ ಬೇಕಾದದ್ದು ಅಳಲು ಒಂದು ದೇಹ. ಅದನ್ನು ತಂದುಕೊಡುತ್ತೇನೆ ಎಂದು ಅವಳು ಅಜ್ಜಿಯ ಕೈ ಹಿಡಿದು ಮಾತು ಕೊಟ್ಟಿದ್ದಳು.

"ಪೈ ಚೆನ್ನಾಗಿತ್ತಾ?" ಎಂದು ಮಾತಿಯುವಿನ ಮುಂದೆ ನಿಂತಳು.

"ಪರವಾಗಿಲ್ಲ."

"ಹಸಿವಿಲ್ಲ ಅಂದೆ."

"ಆಮೇಲೆ ಹಸಿವಾಯ್ತು ಅಕ್ಕ. ಅದಕ್ಕೂ ಕೇಸ್ ಹಾಕ್ತೀರಾ?"

"ಬೇಲಿ ಈ ಕಡೆ ಹಸಿವಾಗುತ್ತೆ, ಆ ಕಡೆ ಆಗಲ್ಲ. ಒಳ್ಳೆ ಹೊಟ್ಟೆ ನಿಂದು."

ಅವನು ಪೊಟ್ಟಣವನ್ನು ಮುದುರಿ ಲಾರಿಯೊಳಗೆ ಎಸೆದ.

"ಕೈ ಯಾಕೆ ತೊಳೆದೆ?"

"ಸಿಮೆಂಟ್ ಆಗಿತ್ತು."

"ತಲೆಗೂ ಆಗಿತ್ತಾ?"

"ಬಿಸಿಲು."

"ಈ ಮಂಜಲ್ಲಿ ಬಿಸಿಲು. ಮಾತಿಯು, ನನ್ನ ಮುಖ ನೋಡು. ನಿಮ್ಮ ಸಂಘದ ಮೇಡಂಗೆ ಹೇಳೋ ಸುಳ್ಳು ನನ್ನ ಹತ್ರ ಹೇಳಬೇಡ. ಆ ನೀರಿನ ಅರ್ಥ ನನಗೂ ಗೊತ್ತು, ನಿನಗೂ ಗೊತ್ತು. ಮೊದಲ ಹೆಂಟೆ ತೆಗೆದ ದಿನ ಅದೇ ಜಾಗದಲ್ಲಿ ಕೂತು ತಿಂದೆ. ಬೇಕರಿ ಗೋಡೆ ಮೇಲೆ ಫೋಟೋ ಇದೆ. ಇವತ್ತು ಯಾಕೆ ತಿನ್ನಲಿಲ್ಲ?"

ಅವನ ದವಡೆ ಬಿಗಿಯಿತು. ಈ ಆಳು ತನ್ನನ್ನು ಎತ್ತಿ ಬೇಲಿಯಾಚೆ ಎಸೆಯಬಲ್ಲ ಎಂದು ಅವಳಿಗೆ ಒಂದು ಕ್ಷಣ ಅನಿಸಿತು. ಆದರೂ ಅವಳು ಕದಲಲಿಲ್ಲ.

"ದೊಡ್ಡಪ್ಪನ ಮೇಲೆ ಕಾಂಕ್ರೀಟ್ ಸುರಿದೆಯಾ?"

"ಅಕ್ಕ."

"ಸುರಿದೆಯಾ ಇಲ್ವಾ? ನಿನ್ನ ಅತ್ತೆ ಅಲ್ಲಿ ಮಂಜಲ್ಲಿ ಕೂತಿದ್ದಾರೆ. ದಿನಾ ಅವರ ಮುಂದೆ ಲಾರಿ ಓಡಿಸಿಕೊಂಡು ಬರ್ತೀಯ, ಹೋಗ್ತೀಯ. ಅವರ ಕಣ್ಣು ತಪ್ಪಿಸಿ ಕೈ ಬೀಸ್ತೀಯ. ನಾಚಿಕೆ ಆಗಲ್ವಾ ನಿನಗೆ?"

"ಗೊತ್ತಿಲ್ಲ," ಎಂದ ಮಾತಿಯು.

"ನಾಚಿಕೆ ಗೊತ್ತಿಲ್ವಾ?"

"ಯಾರ ಮೇಲೆ ಸುರಿದೆ ಅಂತ ಗೊತ್ತಿಲ್ಲ." ಅವನ ದನಿ ಒಡೆದಿತ್ತು. ಲಾರಿಯ ಮೆಟ್ಟಿಲ ಮೇಲೆ ಕುಸಿದು ಕೂತ. "ಹೋದ ವಾರದ ಹಿಂದಿನ ಶುಕ್ರವಾರ ಸಾಯಂಕಾಲ ಪಾಯ ಅಗೆದೆ. ಸಲಿಕೆಗೆ ಮೂಳೆ ಬಂತು. ಮೊದಲು ಕುರಿ ಅಂದುಕೊಂಡೆ. ಆಮೇಲೆ ತಲೆ ಬಂತು. ಇಷ್ಟೇ ಇತ್ತು ಅಕ್ಕ." ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ ತೋರಿಸಿದ. "ಹಾಲುಹಲ್ಲು ಇನ್ನೂ ಇತ್ತು. ಅದರ ಕೆಳಗೆ ಇನ್ನೊಂದು. ಒಂದರ ಮೇಲೊಂದು ಹಾಕಿದ್ರು. ದೊಡ್ಡಪ್ಪ ಹೇಳಿದ್ದು ಒಂದು ಅಕ್ಷರ ಸುಳ್ಳಿರಲಿಲ್ಲ."

ಚಪ್ಪಡಿಯ ಮೇಲಿನಿಂದ ಯಾರೋ ನಗುವುದು ಕೇಳಿಸಿತು, ಬೆರಿಲ್ ಇನ್ನೊಂದು ಸುತ್ತು ಚಹಾ ಬಗ್ಗಿಸುತ್ತಿದ್ದರು.

"ಯಾರಿಗೆ ಹೇಳಿದೆ?"

"ಕ್ರಾಡಕ್ ಬಂದ. ಪಾಯ ಅಳೆಯೋಕೆ ಅಂತ ಅವನೇ ಬಂದ. ಬಗ್ಗಿ ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಎದ್ದು ಪ್ಯಾಂಟ್ ಝಾಡಿಸ್ಕೊಂಡು, ಇದು ಕುರಿ, ಮುಚ್ಚು, ಬೆಳಗ್ಗೆ ಸುರಿದುಬಿಡು ಅಂದ."

"ನೀನು ಮುಚ್ಚಿದೆ."

"ಆಗಲ್ಲ ಅಂದೆ. ಈ ಮೂಳೆ ನೀನೇ ತಂದು ಇಟ್ಟೆ ಅಂತೀನಿ, ಮುದುಕನ ಮಾತು ಗೆಲ್ಲಿಸೋಕೆ ಯಾವುದೋ ಸಮಾಧಿ ಅಗೆದು ತಂದಿದ್ದೀಯ ಅಂತೀನಿ ಅಂದ. ಜೈಲು ನೋಡಿ ಬಂದವನ ಮಾತು ನಡೆಯುತ್ತೋ, ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನ ಮಾತು ನಡೆಯುತ್ತೋ, ನೋಡೋಣ ಅಂದ. ನನಗೂ ಅವನೇ ಪಾಠ ಹೇಳಿದ್ದು ಅಕ್ಕ. ಬಂದೂಕಿನ ಗುಂಡಿ ಅಂತ ನನ್ನ ಕೈಲೇ ಬರೆಸಿದ್ದ."

"ತಾಳು." ರಿಪೆಕಾಳ ಹುಬ್ಬು ಗಂಟಾಯಿತು. "ಶುಕ್ರವಾರ ಸಾಯಂಕಾಲ ಕ್ರಾಡಕ್ ಇಲ್ಲಿದ್ದರಾ? ಹಿಂದಿನ ದಿನವೇ ವೆಲ್ಲಿಂಗ್ಟನ್‌ಗೆ ಹೋದ್ರು ಅಂತಾರೆ ಮೇಡಂ."

"ಹೋಗಿದ್ನೋ, ಹೋಗಿ ಬಂದಿದ್ನೋ. ನನ್ನ ಮುಂದೆ ನಿಂತಿದ್ದಂತೂ ಅವನೇ."

"ಆಮೇಲೆ?"

"ಜರಿಗಿಡದ ಸೊಪ್ಪು ತಂದು ಮಕ್ಕಳ ಮೇಲೆ ಹಾಸಿದೆ, ಮೇಲೆ ಒಂದಿಷ್ಟು ಮಣ್ಣು ಎಳೆದೆ. ನೇರ ದೊಡ್ಡಪ್ಪನ ಮನೆಗೆ ಹೋದೆ. ಹೇಳಿದೆ. ಬೈತಾರೆ ಅಂದುಕೊಂಡೆ. ಎದ್ದು ಕೋಟು ಹಾಕ್ಕೊಂಡ್ರು. ನಾನು ಬರ್ತೀನಿ ಅಂದ್ರೆ, ನೀನು ಅವನ ಸಂಬಳದವನು, ಮನೆಗೆ ಹೋಗು ಅಂದ್ರು." ಅವನು ಮುಖ ಒರೆಸಿಕೊಂಡ. "ಅದೇ ಕೊನೆ. ಬೆಳಗ್ಗೆ ಬಂದೆ. ಮಂಜು, ಕೈಗೆ ಕೈ ಕಾಣ್ತಿರಲಿಲ್ಲ. ಪಾಯದೊಳಗೆ ನೋಡೋಕೆ ಧೈರ್ಯ ಬರಲಿಲ್ಲ ನನಗೆ. ಮಣ್ಣು ರಾತ್ರಿ ಬಿಟ್ಟದ್ದಕ್ಕಿಂತ ಎತ್ತರ ಇತ್ತು ಅನ್ನಿಸ್ತು. ಆದ್ರೂ ಬಗ್ಗಲಿಲ್ಲ. ಮುಖ ಆ ಕಡೆ ತಿರುಗಿಸಿ ಸುರಿದುಬಿಟ್ಟೆ. ಮಧ್ಯಾಹ್ನ ಗೊತ್ತಾಯ್ತು, ದೊಡ್ಡಪ್ಪ ಮನೆಗೆ ಬಂದಿಲ್ಲ ಅಂತ. ಅವತ್ತಿನಿಂದ ನಿದ್ದೆ ಇಲ್ಲ. ಯಾರ ಮೇಲೆ ಸುರಿದೆ ನಾನು? ಮಕ್ಕಳ ಮೇಲೆ ಮಾತ್ರನಾ?"

ರಿಪೆಕಾಳ ಸಿಟ್ಟು ಹಾಗೇ ಇತ್ತು, ಆದರೆ ಅದರ ಮುಖ ಬೇರೆ ಕಡೆಗೆ ತಿರುಗಿತ್ತು.

"ಲಾರಿಯಲ್ಲಿ ಕಾಂಕ್ರೀಟ್ ಒಡೆಯೋ ಯಂತ್ರ ಇದೆಯಾ?"

"ಇದೆ."

"ತಾ."

ಚಪ್ಪಡಿಯ ಮೇಲೆ ನಡೆದದ್ದು ಜಗಳ ಎನ್ನುವುದಕ್ಕಿಂತ ಸಂತೆ. ಪೆಟಿಗ್ರೂ ಯಂತ್ರದ ಮುಂದೆ ಕೈ ಚಾಚಿ ನಿಂತ.

"ನನ್ನ ಜಮೀನು ಇದು. ನ್ಯಾಯಾಧೀಶರ ಕಾಗದ ತನ್ನಿ."

"ಮನುಷ್ಯರ ಮೂಳೆ ಇದೆ ಅಂತ ಕಂಡವನು ಹೇಳಿದ್ದಾನೆ. ನನಗೆ ಅಷ್ಟು ಸಾಕು. ಪಕ್ಕಕ್ಕೆ ಸರೀರಿ."

"ಕುರಿ ಮೂಳೆ. ಈ ಗುಡ್ಡದ ತುಂಬ ಕುರಿ ಸತ್ತಿವೆ."

"ಕುರಿ ಅಂತ ನಿಮಗೆ ಯಾರು ಹೇಳಿದ್ರು?" ಎಂದು ರಿಪೆಕಾ ಥಟ್ಟನೆ ಕೇಳಿದಳು. "ಮೂಳೆ ಅಂದೆ ನಾನು. ಅದು ಕುರಿ ಅಂದದ್ದು ಕ್ರಾಡಕ್, ಶುಕ್ರವಾರ ಸಾಯಂಕಾಲ."

ಪೆಟಿಗ್ರೂವಿನ ಕೆಂಪು ಮುಖ ಸುಣ್ಣ ಬಳಿದಂತಾಯಿತು. "ಫೋನ್ ಮಾಡಿದ್ದ," ಎಂದ ಕೊನೆಗೆ. "ಅವತ್ತು ಸಾಯಂಕಾಲ. ಕುರಿ ಮೂಳೆ ಸಿಕ್ಕಿದೆ, ಕೆರೆಮೆಟಾ ಹುಡುಗ ಗಲಾಟೆ ಮಾಡಬಹುದು, ನೋಡ್ಕೋ ಅಂದ. ನಾನೇನು ನೋಡಲೂ ಇಲ್ಲ, ಬರಲೂ ಇಲ್ಲ."

"ಹನ್ನೆರಡು ದಶಕದಿಂದ ನಿಮ್ಮ ಮನೆಯವರು ಮಾಡಿದ್ದೂ ಅದೇ, ನೋಡಲಿಲ್ಲ. ಸರೀರಿ."

ಅವನು ಸರಿದ. ಬೆರಿಲ್ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತ, ಶನಿವಾರ ಮಂತ್ರಿಗಳು ಬರ್ತಾರೆ, ಶನಿವಾರ ಮಂತ್ರಿಗಳು ಬರ್ತಾರೆ ಎಂದು ಗೊಣಗುತ್ತಲೇ ಇದ್ದರು. ಅವರ ಬಿಳಿ ಬಟ್ಟೆಯ ಮೇಲೆ ಯಾರೋ ಚಹಾ ಚೆಲ್ಲಿದ್ದರು.

ಯಂತ್ರ ಬೊಬ್ಬಿಟ್ಟಿತು. ಹುಲ್ಲಿನಲ್ಲಿ ಮೇಯುತ್ತಿದ್ದ ಹಸುಗಳು ಗುಡ್ಡದ ಆಚೆಗೆ ಓಡಿದವು. ಮಾತಿಯು ಹಲ್ಲು ಕಚ್ಚಿ ಒಡೆದ, ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಅದನ್ನು ಒರೆಸಲು ಕೈ ಬಿಡುವಿರಲಿಲ್ಲ. ಬಿರುಕು ಬಿಟ್ಟ ತುಂಡುಗಳನ್ನು ರಿಪೆಕಾ ತಾನೇ ಎಳೆದು ಹಾಕಿದಳು. ಉಗುರು ಕಿತ್ತುಬಂದದ್ದೂ ಅವಳಿಗೆ ತಿಳಿಯಲಿಲ್ಲ.

ಒಮ್ಮೆ ತಲೆಯೆತ್ತಿ ಗೇಟಿನತ್ತ ನೋಡಿದಳು. ರಾಹೆರಾ ಅಜ್ಜಿ ಅಲ್ಲೇ ಇದ್ದರು. ಇಷ್ಟು ಸದ್ದಿಗೂ ಎದ್ದಿರಲಿಲ್ಲ, ಕತ್ತು ಮಾತ್ರ ಈ ಕಡೆಗೆ ಚಾಚಿತ್ತು. ಇನ್ನು ಸ್ವಲ್ಪ ಹೊತ್ತು ಅಜ್ಜಿ, ತಂದುಕೊಡುತ್ತೇನೆ ಎಂದುಕೊಂಡಳು ರಿಪೆಕಾ.

ಇದ್ದಕ್ಕಿದ್ದಂತೆ ಯಂತ್ರದ ದನಿ ಬದಲಾಯಿತು. ಕಲ್ಲು ಒಡೆಯುವ ಸದ್ದಲ್ಲ, ಗಂಟೆ ಹೊಡೆದ ಹಾಗೆ ಠಣ್ ಎಂದಿತು.

ಮಾತಿಯು ಯಂತ್ರ ನಿಲ್ಲಿಸಿದ.

ಕಾಂಕ್ರೀಟಿನ ತಳದಲ್ಲಿ, ಮಣ್ಣಿನ ಮೇಲೆ, ಅಂಗಾತ ಮಲಗಿಸಿದ ಒಂದು ಲೋಹದ ಹಲಗೆ. ರಿಪೆಕಾ ಅಂಗೈಯಿಂದ ಪುಡಿ ಒರೆಸಿದಳು. ಹೊಚ್ಚ ಹೊಸ ಹಿತ್ತಾಳೆ. ಅದರ ಮೇಲೆ ಕೊರೆದ ಅಕ್ಷರಗಳು ಹೊಳೆದವು. ಗಡಿಪಡೆಯ ವೀರರು ಇಲ್ಲಿ ಒಂದು ಚಳಿಗಾಲ ಪಾಳೆಯ ಹೂಡಿದ್ದರು, ಇಲ್ಲಿ ಒಂದು ಹನಿ ರಕ್ತವೂ ಬೀಳಲಿಲ್ಲ.

"ಇದು ವೆಲ್ಲಿಂಗ್ಟನ್‌ನಲ್ಲಿರಬೇಕಲ್ಲ," ಎಂದರು ಬೆರಿಲ್, ಏನೂ ಅರ್ಥವಾಗದೆ. "ಇದನ್ನ ತರೋಕೆ ತಾನೆ ಅವರು ಹೋಗಿದ್ದು."

ರಿಪೆಕಾ ಮತ್ತು ಮಾತಿಯು ಎರಡು ಕಡೆ ಹಿಡಿದು ಫಲಕ ಎತ್ತಿದರು. ಕೆಳಗೆ ಸಡಿಲ ಮಣ್ಣು. ಮಾತಿಯು ಮಂಡಿಯೂರಿ ಎರಡೂ ಕೈಗಳಿಂದ ಮಣ್ಣು ಬಾಚಿದ, ಮೆಲ್ಲಗೆ, ನಿದ್ದೆ ಮಾಡುವ ಮಗುವಿನ ಹೊದಿಕೆ ಸರಿಸುವ ಹಾಗೆ.

"ಸೊಪ್ಪಿಲ್ಲ," ಎಂದ. ಇನ್ನೂ ಬಾಚಿದ. "ಅಕ್ಕ, ಮಕ್ಕಳಿಲ್ಲ. ನಾನು ಹಾಸಿದ ಸೊಪ್ಪಿಲ್ಲ, ಮಕ್ಕಳೂ ಇಲ್ಲ. ಯಾರೋ ತಗೊಂಡು ಹೋಗಿದ್ದಾರೆ."

ಆಮೇಲೆ ಅವನ ಕೈಗೆ ಒಂದು ಬೂಟು ಸಿಕ್ಕಿತು. ಬೂಟಿನೊಳಗೆ ಕಾಲಿತ್ತು.

ರಿಪೆಕಾ ಕಣ್ಣು ಮುಚ್ಚಿದಳು. ಹೊಹೆಪಾ ಅಜ್ಜ, ಎಂದು ಮನಸ್ಸಿನಲ್ಲೇ ಕೈಮುಗಿದಳು. ಕಣ್ಣು ತೆರೆದಾಗ ಬೂಟಿನ ಮೇಲೆ ಸಾಸಿವೆ ಬಣ್ಣದ ಉಣ್ಣೆಯ ಕಾಲುಚೀಲ ಕಂಡಿತು. ಅಂಚಿಗೆ ಹಸಿರು ಪಟ್ಟಿ.

ಹಿಂದೆ ತಟ್ಟೆಗಳು ಬಿದ್ದು ಒಡೆದವು.

"ಅದು ನಾನು ಹೆಣೆದಿದ್ದು," ಎಂದರು ಬೆರಿಲ್. ದನಿ ಎಲ್ಲಿಂದಲೋ ಬಂದ ಹಾಗಿತ್ತು. "ಅಧ್ಯಕ್ಷರಾದಾಗ ಕೊಟ್ಟಿದ್ದೆ. ಆ ಹಸಿರು ಉಣ್ಣೆ ಸಾಲದೆ ಒಂದು ಪಟ್ಟಿ ಸಣ್ಣದಾಯ್ತು. ನೆವಿಲ್. ನೆವಿಲ್ ಕಾಲು ಅದು."

ಪೆಟಿಗ್ರೂ ಹುಲ್ಲಿನ ಮೇಲೆ ಕೂತುಬಿಟ್ಟಿದ್ದ. ಮಾತಿಯು ಮಣ್ಣಾದ ಕೈಗಳನ್ನು ಮುಂದಕ್ಕೆ ಹಿಡಿದು, ಅಳುವುದೋ ನಗುವುದೋ ತಿಳಿಯದೆ, ದೊಡ್ಡಪ್ಪ ಅಲ್ಲ, ದೊಡ್ಡಪ್ಪ ಅಲ್ಲ ಎನ್ನುತ್ತಿದ್ದ.

ರಿಪೆಕಾ ಎದ್ದು ನಿಂತಳು. ತಲೆಯೊಳಗೆ ಒಂದೊಂದೇ ಕಲ್ಲು ಜಾಗಕ್ಕೆ ಕೂತಿತು. ಹೊಳೆಗೆ ಎದುರಾಗಿ ಈಜಿದ ಟೋಪಿ. ಸೇತುವೆಯ ಬಳಿ ಬೇಕೆಂದೇ ಬಿಟ್ಟ ಟ್ರಕ್ಕು. ಸತ್ತವನ ಮೇಲೇ, ಅವನು ಬರೆಸಿದ ಸುಳ್ಳನ್ನು ಹೊದಿಸಿ ಮಲಗಿಸಿದ ರೀತಿ. ಆತುರದಲ್ಲಿ ಕೊಂದು ಓಡಿದವನ ಕೆಲಸವಲ್ಲ ಅದು. ಮಕ್ಕಳ ಮೂಳೆಗಳನ್ನು ಒಂದೊಂದಾಗಿ ಎತ್ತಿಕೊಂಡ ಮೇಲೆ ಮಾಡಿದ ಕೆಲಸ. ಕೊಂದವರು ಯಾರೋ ಅವಳಿಗೆ ಗೊತ್ತಿಲ್ಲ. ಆದರೆ ಇಷ್ಟು ದಿನ ಅವಳು ಹುಡುಕಿದ್ದು ಸತ್ತವನನ್ನಂತೂ ಅಲ್ಲ.

ಅವಳು ಗೇಟಿನತ್ತ ತಿರುಗಿದಳು.

ರಾಹೆರಾ ಅಜ್ಜಿ ಎದ್ದು ನಿಂತಿದ್ದರು. ನಿಧಾನವಾಗಿ ಕಂಬಳಿ ಮಡಚಿದರು. ಆಮೇಲೆ ಕುರ್ಚಿ ಮಡಚಿದರು.

ರಿಪೆಕಾ ಇಳಿಜಾರಿನಲ್ಲಿ ಓಡಿದಳು, ನೀರಿನ ತೊಟ್ಟಿಯನ್ನೂ ದಾಟಿ, ಕೈ ತೊಳೆಯುವುದನ್ನೂ ಮರೆತು. ಹೆಣವಿಲ್ಲ, ಅದಕ್ಕೇ ಎಲೆ ಕಟ್ಟಿಲ್ಲ ಎಂದಿದ್ದರು ಅಜ್ಜಿ. ಒಂದು ಅಕ್ಷರವೂ ಸುಳ್ಳಲ್ಲ. ಹೆಣ ಸಿಗುವ ತನಕ ಕುರ್ಚಿ ಬಿಡಲ್ಲ ಎಂದಿದ್ದರು, ಯಾರ ಹೆಣ ಎಂದು ಹೇಳಿರಲಿಲ್ಲ. ಅಳಲು ಒಂದು ದೇಹ ತಂದುಕೊಡುತ್ತೇನೆ ಎಂದು ಆ ಒಣಗಿದ ಕೈ ಹಿಡಿದು ಮಾತು ಕೊಟ್ಟ ತನ್ನ ಮೇಲೆಯೇ ಅವಳಿಗೆ ಬೆಂಕಿಯಂಥ ಸಿಟ್ಟು ಬಂತು.

"ಅಜ್ಜಿ. ಎಲ್ಲಿಗೆ ಹೊರಟ್ರಿ?"

ಅಜ್ಜಿ ಕುರ್ಚಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳನ್ನು ನೋಡಿದರು. ಆ ಕಣ್ಣುಗಳಲ್ಲಿ ದುಃಖವಿರಲಿಲ್ಲ, ಕಳವಳವೂ ಇರಲಿಲ್ಲ. ನೂರಿಪ್ಪತ್ತು ವರ್ಷದ ಹಳೆಯ ಸಿಟ್ಟು ಮಾತ್ರ ಇತ್ತು, ಈಗ ತುಸು ಆರಿದ ಹಾಗೆ.

"ಮೊದಲು ಕೈ ತೊಳ್ಕೋ ಮಗಳೇ, ಹೆಣ ಮುಟ್ಟಿ ಬಂದಿದ್ದೀಯ," ಎಂದರು. "ನಾನು ಮನೆಗೆ ಹೋಗ್ತೀನಿ. ಹೊತ್ತಾಯ್ತು, ಎರಡು ತಟ್ಟೆ ಅಡುಗೆ ಆಗ್ಬೇಕು."

ಗಂಡ ತೀರಿಕೊಂಡ ಮೇಲೆ ರಾಹೆರಾ ಅಜ್ಜಿ ಆ ಮನೆಯಲ್ಲಿ ಒಬ್ಬರೇ ಇದ್ದಾರೆಂಬುದು ಟ್ರೆಲಾನಿ ಊರಿಗೆಲ್ಲ ಗೊತ್ತಿದ್ದ ಸಂಗತಿ.